ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮಲ್ಲಿಗೆ ಬಂದು ಒಂದು ಚೀಟಿಯನ್ನು ಮುಂದಿಟ್ಟನು. ಅಹಮದಾಬಾದಿನ ರಿಲೀಫ್ ರಸ್ತೆಯಲ್ಲಿ ಬರೆಸಿಕೊಂಡು ಬಂದ ದರಪಟ್ಟಿ ಅದು. ಅದರಲ್ಲಿದ್ದುದು ಒಂದೇ ವಸ್ತು: ಹೊಸ ಗ್ರಾಫಿಕ್ಸ್ ಕಾರ್ಡು. ಬೆಲೆಯಾದರೋ, ಹೋಟೆಲಿನಲ್ಲಿ ಅಡಿಗೆ ಮಾಡುವ ಅವನ ತಂದೆಯ ಒಂದು ತಿಂಗಳ ಸಂಬಳಕ್ಕಿಂತ ತುಸು ಹೆಚ್ಚೇ. “ಆಟ ತಡೆತಡೆದು ನಡೆಯುತ್ತದೆ ಸರ್. ಇದನ್ನು ಹಾಕಿದರೆ ಸರಿಹೋಗುತ್ತದಂತೆ. ಅಪ್ಪನಿಗೆ ನೀವೊಂದು ಮಾತು ಹೇಳಬೇಕು” ಎಂದನು. ಯಂತ್ರವನ್ನು ನೋಡದೆ ಮಾತು ಹೇಳುವುದಿಲ್ಲವೆಂದು ನಾವು ಉತ್ತರಿಸಿದೆವು.

ಗಣಕಯಂತ್ರದಲ್ಲಿ ಆಡುವುದೇ ಕಾಲಹರಣವೆಂದು ಹೇಳುವ ಹಿರಿಯರಿದ್ದಾರೆ. ನಾವು ಆ ಪಂಥದವರಲ್ಲ. ಪಾಠ ಮುಗಿದ ಮೇಲೆ ಆಡುವ ಆಟಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ನಮ್ಮ ಆಕ್ಷೇಪಣೆಯೆಲ್ಲ ರೋಗವನ್ನು ಅರಿಯದೆ ಮದ್ದು ಕೊಳ್ಳುವ ಅಭ್ಯಾಸಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಳೆಯ ಯಂತ್ರಗಳ ವಿಷಯದಲ್ಲಿ ಇಂದು ನಡೆಯುತ್ತಿರುವುದು ಬಹುಮಟ್ಟಿಗೆ ಇದೇ.

ರೋಗವನ್ನು ಅರಿಯಲು ಕಾಸು ಬೇಕಿಲ್ಲ, ತಾಳ್ಮೆ ಬೇಕು. ಆಟ ನಡೆಯುತ್ತಿರುವಾಗ ಯಾವ ಭಾಗ ಎಷ್ಟು ದುಡಿಯುತ್ತಿದೆಯೆಂಬುದನ್ನು ಯಂತ್ರವೇ ಟಾಸ್ಕ್ ಮ್ಯಾನೇಜರಿನಲ್ಲಿ ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡು ಸದಾ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕಿ ದುಡಿಯುತ್ತಿದ್ದರೆ ಸೋತಿರುವುದು ಕಾರ್ಡೇ. ಅದು ಅರ್ಧ ಸುಮ್ಮನಿದ್ದೂ ಆಟ ಕುಂಟುತ್ತಿದ್ದರೆ ಪ್ರೊಸೆಸರನ್ನು ಸಂದೇಹಿಸಬೇಕು. ಚಿತ್ರದ ರೆಸಲ್ಯೂಷನ್ ಇಳಿಸಿ ನೋಡಿ. ಆಗಲೂ ವೇಗ ಹೆಚ್ಚದಿದ್ದರೆ ಸಂದೇಹ ಬಲವಾಗುತ್ತದೆ. ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ಕೊರತೆ ಅಲ್ಲಿದೆ. ಆಟ ತೆರೆದುಕೊಳ್ಳುವುದೇ ಬಹಳ ಹೊತ್ತಾದರೆ ತಿರುಗುವ ಹಾರ್ಡ್ ಡಿಸ್ಕು ಕಾರಣವಿರಬಹುದು. ಅದರ ಸ್ಥಾನಕ್ಕೆ ಎಸ್ಸೆಸ್ಡಿ ಬಂದರೆ ಹಳೆಯ ಯಂತ್ರಕ್ಕೆ ಮರುಜೀವ ಬಂದಂತಾಗುತ್ತದೆ. ಮೊದಲು ಚೆನ್ನಾಗಿ ನಡೆದು ಅರ್ಧ ಗಂಟೆಯ ತರುವಾಯ ಕುಂಟತೊಡಗಿದರೆ ಅದು ಉಷ್ಣದ ಬಾಧೆ.

ಉಷ್ಣದ ಬಾಧೆಯನ್ನು ಗುಜರಾತಿನಲ್ಲಿರುವ ನಾವು ಲಘುವಾಗಿ ಎಣಿಸಲಾಗದು. 2016ರ ಮೇ 20ರಂದು ಅಹಮದಾಬಾದಿನ ಉಷ್ಣತೆ 48 ಡಿಗ್ರಿ ಮುಟ್ಟಿತ್ತು. ಯಂತ್ರದ ಪಂಖ ಬೀಸುವುದು ಕೋಣೆಯ ಗಾಳಿಯನ್ನೇ. ಕೋಣೆ ಕುಲುಮೆಯಾದರೆ ಯಂತ್ರ ತಣ್ಣಗಿರುವುದೆಂತು? ಬೆಂದ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಸೂರತ್ತಿನಲ್ಲಿ ಮಗ್ಗಗಳ ಬೀದಿಯ ಮನೆಯೊಂದರಲ್ಲಿ ನಾವು ಕಂಡ ಯಂತ್ರದ ಪಂಖಕ್ಕೆ ನೂಲಿನ ನವಿರು ಹೊದಿಕೆಯಂತೆ ಹತ್ತಿಕೊಂಡಿತ್ತು. ಅದಕ್ಕೆ ಬೇಕಾಗಿದ್ದುದು ಹೊಸ ಭಾಗವಲ್ಲ, ಒಂದು ಕುಂಚ.

ಇನ್ನು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಊರಿನ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ನಾವು ಈ ಸೀಮೆಗೆ ಬಂದ ಹೊಸತರಲ್ಲಿ ವಡೋದರಾದಲ್ಲಿ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಕೊಂಡೆವು. ಅಂಗಡಿಯಾತನು ಗುಜರಾತಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಏನೇನೋ ಹೇಳಿದನು. ಅರ್ಥವಾಗದಿದ್ದರೂ ತಿಳಿದವರಂತೆ ತಲೆದೂಗಿದೆವು. ಮದರ್ ಬೋರ್ಡಿನ ಗೂಡಿನಿಂದ ಕಾರ್ಡಿಗೆ ದೊರೆಯುವ ವಿದ್ಯುತ್ತು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಪ್ರತ್ಯೇಕ ತಂತಿ ಬರಬೇಕು. ನಮ್ಮ ಪವರ್ ಸಪ್ಲೈಯಲ್ಲಿ ಆ ತಂತಿಯೇ ಇರಲಿಲ್ಲ. ಎರಡು ತಿಂಗಳು ಕಾರ್ಡು ಬೀರುವಿನಲ್ಲಿ ಮಲಗಿತು. ಅದು ಕೇಳಲು ನಾಚಿದ್ದಕ್ಕೆ ನಾವು ತೆತ್ತ ದಂಡ. ನಾಚಿಕೆಗೆ ನಮ್ಮ ಕನ್ನಡ ಕಾರಣವಲ್ಲ. ಕನ್ನಡದಲ್ಲಿ ಕಲಿತವನಿಗೆ ಇದು ತಿಳಿಯದೆಂದು ನಾವೇ ನಂಬಿದ್ದುದು ಕಾರಣ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಕ್ರಮ ಹೀಗಿರತಕ್ಕದ್ದು. ಮೊದಲು ಧೂಳು ತೆಗೆಯುವುದು. ಬಳಿಕ ಪರೀಕ್ಷೆ. ಅದರಿಂದ ತಿಳಿದುಬಂದ ದುರ್ಬಲ ಭಾಗವೊಂದನ್ನು ಮಾತ್ರ ಬದಲಿಸುವುದು. ಅದು ಗ್ರಾಫಿಕ್ಸ್ ಕಾರ್ಡಾದರೆ ಪವರ್ ಸಪ್ಲೈಯ ಬಲವನ್ನೂ ನೋಡಿಕೊಳ್ಳುವುದು. ಪರದೆ ಕ್ಷಣಕ್ಕೆ 60 ಚಿತ್ರಗಳನ್ನು ಮಾತ್ರ ತೋರಬಲ್ಲುದಾದರೆ, 120 ಚಿತ್ರ ಕೊಡುವ ಕಾರ್ಡಿನ ಅರ್ಧ ಶ್ರಮ ಕಣ್ಣಿಗೇ ಬೀಳದೆಂಬುದನ್ನೂ ನೆನೆಯಬೇಕು.

ಎಲ್ಲಿ ನಿಲ್ಲಬೇಕೆಂಬುದೂ ತಿಳಿದಿರಬೇಕು. ಎ.ಎಂ.ಡಿ.ಯ ಎ.ಎಂ.4 ಬೋರ್ಡುಗಳ ಪೈಕಿ ಹಲವು, 2017ರವಾದರೂ, 2022ರ ಪ್ರೊಸೆಸರನ್ನು ಒಪ್ಪಿಕೊಂಡುವು. ಇಂಟೆಲ್‌ನ ಏಳನೆಯ ಪೀಳಿಗೆಯ ಬೋರ್ಡಿಗಾದರೋ ಎಂಟನೆಯ ಪೀಳಿಗೆಯದೇ ಹೊಂದಲಿಲ್ಲ. ವಿಂಡೋಸ್ 10ಕ್ಕಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಆ ಏಳನೆಯ ಪೀಳಿಗೆಯ ಬಹುತೇಕ ಪ್ರೊಸೆಸರುಗಳನ್ನು ಒಪ್ಪದು. ಅಂತಹ ಬೋರ್ಡಿಗಾಗಿ ಹಣ ಸುರಿಯುವುದು ಬಾಡಿಗೆಯ ಮನೆಗೆ ಗಾರೆ ಹಾಕಿಸಿದಂತೆ. ಎಸ್ಸೆಸ್ಡಿ, ಒಳ್ಳೆಯ ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡು ಇವು ನಾಳೆ ಹೊಸ ಯಂತ್ರಕ್ಕೂ ಹೋಗಬಲ್ಲುವು; ಡಿಡಿಆರ್4 ರ‍್ಯಾಮು ಡಿಡಿಆರ್5ರ ಗೂಡಿನಲ್ಲಿ ಕೂಡದು. ನಮ್ಮ ನೆರೆಯ ಸಾನಂದದಲ್ಲಿ ಮೆಮೊರಿ ಚಿಪ್ಪುಗಳನ್ನು ಜೋಡಿಸಿ ಪರೀಕ್ಷಿಸುವ ಮೈಕ್ರಾನ್ ಕಾರ್ಖಾನೆಯ ಕೆಲಸ 2023ರಲ್ಲಿ ಆರಂಭವಾಯಿತು. ಹಾಗೆಂದು ಚಿಪ್ಪು ನಮಗೆ ಅಗ್ಗವೆಂದು ಎಣಿಸಬೇಡಿ. ಕೃತಕ ಬುದ್ಧಿಮತ್ತೆಯ ಭಾರಿ ಗಣಕಕೇಂದ್ರಗಳು ಕೊಳ್ಳಲಿಳಿದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಲ್ಲೆಲ್ಲ ಏರಿತು.

ನಮ್ಮ ವಿದ್ಯಾರ್ಥಿಯ ಯಂತ್ರಕ್ಕೆ ಏನಾಯಿತೆಂದು ಕೇಳುವಿರಿ. ಧೂಳು ತೆಗೆದೆವು, ಪ್ರೊಸೆಸರಿನ ಮೇಲಣ ಒಣಗಿದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿದೆವು. ಪರೀಕ್ಷಿಸಿದಾಗ ಕಾರ್ಡು ಅರ್ಧ ಸುಮ್ಮನಿತ್ತು, ರ‍್ಯಾಮ್ ಮಾತ್ರ ತುಂಬಿತ್ತು. ಇದ್ದ ಒಂದು ಕಡ್ಡಿಗೆ ಜೊತೆಯಾಗಿ ಅದೇ ಜಾತಿಯ ಹಳೆಯದೊಂದನ್ನು ಅವನೇ ಹುಡುಕಿ ತಂದನು. ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಿಯೇ ತಂದನಂತೆ. ಆಟ ಓಡತೊಡಗಿತು. ತಂದೆಗೆ ನಾವು ಹೇಳಬೇಕಾಗಿದ್ದ ಮಾತು ಹೇಳದೆಯೇ ಉಳಿಯಿತು.

ವಿದ್ಯಾರ್ಥಿ ಮಿತ್ರರೇ, ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಪ್ರತಿಯೊಂದು ರೂಪಾಯಿಗೂ ಯಾರದೋ ಬೆವರಿನ ಲೆಕ್ಕವುಂಟು. ಆಟವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಯಂತ್ರದ ಮುಚ್ಚಳ ತೆಗೆದು ನೋಡಿರಿ. ತಿಳಿಯದುದನ್ನು ನಾಚದೆ ಕೇಳಿರಿ. ಇಷ್ಟೇ ನಮ್ಮ ಕೋರಿಕೆ.