ಸುಮ್ಮನೆ ಇಟ್ಟ ಟೈರಿಗೂ ವಯಸ್ಸಾಗುತ್ತೆ

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿ, ಒಂದಲ್ಲ ಒಂದು ಕಂಬದ ಹಿಂದೆ ನಾಲ್ಕು ಟೈರ್ ಧೂಳು ಹಿಡಿದು ಕೂತಿರುತ್ತವೆ. ಹೊಸ ಕಾರು ತಗೊಂಡ ತಿಂಗಳಿಗೇ ಅಲಾಯ್ ವೀಲ್ ಹಾಕಿಸಿದವರು, ಕಂಪನಿಯಿಂದ ಬಂದ ಚಕ್ರಗಳನ್ನು ‘ಮಾರುವಾಗ ಬೇಕಾಗುತ್ತೆ’ ಅಂತ ಎತ್ತಿಟ್ಟಿರುತ್ತಾರೆ. ಯೋಚನೆ ಸರಿಯೇ. ಗ್ರಿಪ್ ಪೂರ್ತಿ ಇರುವ ಟೈರನ್ನು ಬಿಸಾಕೋಕೆ ಯಾರಿಗೆ ಮನಸ್ಸು ಬರುತ್ತೆ? ಆದರೆ ಜೋಪಾನವಾಗಿ ಎತ್ತಿಡೋದು ಬೇರೆ, ಮೂಲೆಗೆ ತಳ್ಳೋದು ಬೇರೆ.

ಟೈರ್ ಸವೆಯೋದು ರಸ್ತೆಯಲ್ಲಿ ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಬಿಸಿಲು, ಬಿಸಿ, ಗಾಳಿಯಲ್ಲಿನ ಆಮ್ಲಜನಕ ಮತ್ತು ಓಝೋನ್ ನಿಂತ ಟೈರನ್ನೂ ಬಿಡುವುದಿಲ್ಲ. ಓಡುವ ಟೈರ್ ಬಾಗಿ ಬಳುಕುವಾಗ ರಬ್ಬರಿನೊಳಗೆ ಬೆರೆಸಿದ ರಕ್ಷಕ ಮೇಣ ಹೊರಮೈಗೆ ಬರುತ್ತದೆ. ನಿಂತ ಟೈರಿಗೆ ಆ ಕಾಪು ಅಷ್ಟಾಗಿ ಸಿಗಲ್ಲ. ನಿಧಾನಕ್ಕೆ ರಬ್ಬರ್ ಗಡುಸಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತೆ. ಗ್ರಿಪ್ ಮಾತ್ರ ಹೊಸದರಂತೆಯೇ ಕಾಣುತ್ತೆ. ಅಂಥ ಟೈರ್ ಹಾಕಿಕೊಂಡು ಪುಣೆ ಹೆದ್ದಾರಿಯಲ್ಲಿ ನೂರರ ಸ್ಪೀಡಿಗೆ ಹೋದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಆನ್‌ಸೈಟ್‌ಗೆ ಹೊರಟ ಗೆಳೆಯನೊಬ್ಬ ರಿಮ್ ಸಮೇತ ನಾಲ್ಕು ಟೈರ್ ನಮ್ಮನೇಲಿ ಇಟ್ಟು ಹೋದ. ಸೋಪುನೀರಲ್ಲಿ ತೊಳೆದು, ಸಂದಿಗೆ ಸಿಕ್ಕಿದ್ದ ಕಲ್ಲು ತೆಗೆದು, ಪೂರ್ತಿ ಒಣಗಿಸಿದೆ. ಹೊಳಪಿಗೆ ಪಾಲಿಶ್ ಹಚ್ಚಲಿಲ್ಲ, ಅದು ಬೇಡ. ಗಾಳಿ ಸ್ವಲ್ಪ ಇಳಿಸಿದೆ. ಒಂದೊಂದನ್ನೂ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಗಾಳಿ ಒತ್ತಿ ತೆಗೆದು ಟೇಪ್ ಸುತ್ತಿದೆ. ಮೇಲೆ ‘ಮುಂದೆ ಎಡ’, ‘ಹಿಂದೆ ಬಲ’ ಅಂತ ಬರೆದ ಚೀಟಿ. ಆಮೇಲೆ ಮಂಚದ ಕೆಳಗೆ ಮಲಗಿಸಿದೆ. “ಮಲಗೋ ಕೋಣೇಲಿ ಟೈರಾ?” ಅಂತ ಅಮ್ಮ ಗೊಣಗಿದರು. ಆದರೆ ಕತ್ತಲೆ, ತಂಪು, ಒಣ ಜಾಗ ಫ್ಲ್ಯಾಟಿನಲ್ಲಿ ಇನ್ನೆಲ್ಲಿ ಸಿಗಬೇಕು?

ರಿಮ್ ಇದ್ದರೆ ಒಂದರ ಮೇಲೊಂದು ಮಲಗಿಸಬಹುದು. ಬರೀ ಟೈರ್ ಆದರೆ ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ, ಮೊಳೆಗೆ ನೇತುಹಾಕಬೇಡಿ. ಪೆಟ್ರೋಲ್, ಆಯಿಲ್ ಡಬ್ಬದ ಹತ್ತಿರ ಬೇಡ. ಬೇಸ್‌ಮೆಂಟಿನ ಮೋಟರ್ ರೂಮೂ ಬೇಡ, ಎಲೆಕ್ಟ್ರಿಕ್ ಮೋಟರ್‌ಗಳ ಕಿಡಿಯಿಂದ ಓಝೋನ್ ಹುಟ್ಟುತ್ತೆ.

ಟೆರೇಸಂತೂ ಬೇಡವೇ ಬೇಡ. ಟೈರಿನೊಳಗೆ ಒಂದು ಲೋಟ ಮಳೆನೀರು ನಿಂತರೂ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಅದರ ಮೊಟ್ಟೆ ಒಳಗೋಡೆಗೆ ಅಂಟಿಕೊಂಡು ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೀಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ದಂಡಕ್ಕಿಂತ ಪಕ್ಕದ ಮನೆ ಮಗುವಿನ ಜ್ವರ ದೊಡ್ಡದು.

ಇನ್ನು ನಾವೆಲ್ಲ ಮರೆತೇಬಿಡುವ ಟೈರ್ ಡಿಕ್ಕಿಯಲ್ಲಿದೆ: ಸ್ಟೆಪ್ನಿ. 1904ರ ಹೊತ್ತಿಗೆ ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ತಯಾರಾದ ಹೆಚ್ಚುವರಿ ಚಕ್ರದಿಂದ ಬಂದ ಹೆಸರು ಅದು. ಎತ್ತಿಟ್ಟ ಟೈರಿಗೆ ಗಾಳಿ ಇಳಿಸಬೇಕು, ಸ್ಟೆಪ್ನಿಗೆ ಯಾವಾಗಲೂ ಪೂರ್ತಿ ಇರಬೇಕು. ಕೂತಲ್ಲೇ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತೆ. ಬಂಕಿನಲ್ಲಿ ನಾಲ್ಕಕ್ಕೆ ಗಾಳಿ ಹಾಕಿಸುವಾಗ ಐದನೆಯದನ್ನೂ ತೋರಿಸಿ.

ಎಷ್ಟು ದಿನ ಇಡಬಹುದು? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿ ನೋಡಿ. ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ, ತಯಾರಾಗಿ ಹತ್ತು ವರ್ಷವಾದರೆ ಸ್ಟೆಪ್ನಿಯನ್ನೂ ಬದಲಿಸಿ ಅನ್ನೋದು ಮಿಷೆಲಿನ್ ಕಂಪನಿಯ ಸಲಹೆ. ಗ್ರಿಪ್ ಎಷ್ಟೇ ಇರಲಿ, ಬಿರುಕು ಬಿಟ್ಟಿದ್ದರೆ ಹತ್ತು ವರ್ಷ ಕಾಯೋದೂ ಬೇಡ.

ಇವತ್ತು ಆಫೀಸಿಂದ ಬಂದು ಕಾರು ನಿಲ್ಲಿಸಿದ ಮೇಲೆ ಎರಡು ನಿಮಿಷ ಕೊಡಿ. ಡಿಕ್ಕಿಯ ಮ್ಯಾಟ್ ಎತ್ತಿ, ಫೋನ್ ಟಾರ್ಚ್ ಹಾಕಿ, ಆ ನಾಲ್ಕು ಅಂಕಿ ಓದಿ.