ಎಣಿಕೆಗೆ ಸಿಗದ ನೀರಿನ ಕುಡಿಕೆ

ಚೀನಾದ ವಿದ್ವಾಂಸರ ಬರವಣಿಗೆಯ ಕೋಣೆಗೆ ನಾಲ್ಕು ರತ್ನಗಳೆಂದು ಪ್ರಸಿದ್ಧಿ: ಕುಂಚ, ಮಸಿ, ಕಾಗದ ಮತ್ತು ಮಸಿ ತೇಯುವ ಕಲ್ಲು. ನೀರಿನ ಕುಡಿಕೆ ಆ ಎಣಿಕೆಯಲ್ಲಿಲ್ಲ. ಆದರೆ ನೀರಿಲ್ಲದೆ ಮಸಿಯ ಕಡ್ಡಿಯನ್ನು ತೇಯುವುದೆಂತು?

ಕಾಂಗ್ಸಿ ಚಕ್ರವರ್ತಿಯ (1661–1722) ಆಳ್ವಿಕೆಯಲ್ಲಿ ಜಿಂಗ್ಡೆಝೆನ್ ಪಟ್ಟಣದ ಕುಶಲಕರ್ಮಿಗಳು ಈ ಕುಡಿಕೆಗೆ ಪೀಚ್ ಹಣ್ಣಿನ ಕೆಂಬಣ್ಣದ ಮೆರುಗನ್ನು ತೊಡಿಸಿದರು. ಕುಂಚ ತೊಳೆಯುವ ಬಟ್ಟಲಿಗೂ ಮುದ್ರೆಯ ಬಣ್ಣವನ್ನಿಡುವ ಭರಣಿಗೂ ಅದೇ ಮೆರುಗು. ಅದರಲ್ಲಿರುವುದು ತಾಮ್ರ. ಗೂಡಿನಲ್ಲಿ ಗಾಳಿ ಕಡಿಮೆಯಾದರೆ ಅದು ಕೆಂಪಾಗುತ್ತದೆ, ಗಾಳಿ ತಾಕಿದಲ್ಲಿ ಹಸಿರು ಚುಕ್ಕೆಗಳು ಮೂಡುತ್ತವೆ.

1886ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಇದೇ ಬಣ್ಣದ ಹೂದಾನಿಯೊಂದು 18,000 ಡಾಲರಿಗೆ ಮಾರಾಟವಾಗಿ ಜನರನ್ನು ಬೆರಗುಗೊಳಿಸಿತು. ಅಂದಿನಿಂದ ಬೆಲೆಯ ಮಾತೇ ಮುಂದಾಗಿದೆಯೆಂಬುದು ನನ್ನ ಆಕ್ಷೇಪ. ಅಮೂಲ್ಯ ವಸ್ತುವಿಗೆ ಗಾಜಿನ ರಕ್ಷಣೆ ಬೇಕು, ನಿಜ. ಆದರೆ ಆ ಗಾಜಿನೊಳಗೆ ಕುಡಿಕೆಯ ಪಕ್ಕದಲ್ಲಿ ಕುಂಚವನ್ನೂ ಕಲ್ಲನ್ನೂ ಇಡಲು ಅಡ್ಡಿಯೇನು? ಆಗ ನೋಡುವ ಮಗುವಿಗೆ ಅದು ಬರೆಯುವವರ ಕೈಯ ಸಂಗಾತಿಯೆಂದು ತಿಳಿದೀತು.

ಪ್ರಿಯ ವಿದ್ಯಾರ್ಥಿಗಳೇ, ಎಂದಾದರೂ ಇಂಥದ್ದನ್ನು ಮಕ್ಕಳಿಗೆ ತೋರಿಸುವ ಅವಕಾಶ ದೊರೆತರೆ, ಬೆಲೆಯನ್ನು ಹೇಳುವ ಮೊದಲು ಅದರ ಕೆಲಸವನ್ನು ಹೇಳಿರಿ.