ಮೊದಲು ಅಳತೆ, ಆಮೇಲೆ ಔಷಧ

ಸಮುದ್ರದ ಒಂದು ಮೂಲೆಯನ್ನು ಗಾಜಿನ ತೊಟ್ಟಿಯೊಳಗೆ ತಂದಿಟ್ಟು, ಅದರಲ್ಲಿ ಹವಳಗಳನ್ನೂ ಬಣ್ಣದ ಮೀನುಗಳನ್ನೂ ಸಾಕುವ ಹವ್ಯಾಸವು ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಚೆನ್ನಾಗಿ ಬೇರೂರಿದೆ. ಇಂಥ ತೊಟ್ಟಿಯ ನೀರು ಕೆಟ್ಟಿತೆಂದು ತೋರಿದೊಡನೆಯೇ ಅದರ ಒಡೆಯನು ಅನೇಕ ವೇಳೆ ಮಾಡುವ ಕೆಲಸ ಒಂದೇ: ಅಂಗಡಿಗೆ ಹೋಗಿ ಒಂದು ಸೀಸೆ ದ್ರವವನ್ನು ತಂದು ನೀರಿಗೆ ಸುರಿಯುವುದು. ಅದರಿಂದ ಗುಣ ಕಾಣದಿದ್ದರೆ ಎರಡನೆಯ ಸೀಸೆ. ಅದೂ ಸಾಲದಿದ್ದರೆ ಮೂರನೆಯದು. ಈ ಪದ್ಧತಿಯು ತಪ್ಪೆಂದೂ, ರೋಗಕ್ಕಿಂತ ಚಿಕಿತ್ಸೆಯೇ ಹೆಚ್ಚು ಮಾರಕವಾಗಬಹುದೆಂದೂ ನಮ್ಮ ಅಭಿಪ್ರಾಯ. ತೊಟ್ಟಿಯಿಲ್ಲದ ವಿದ್ಯಾರ್ಥಿಗಳೂ ಈ ವಿಷಯವನ್ನು ಆಲೋಚಿಸುವುದು ಒಳ್ಳೆಯದು. ಏಕೆಂದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ನೀರು ಮಾತ್ರವಲ್ಲ. ನಾವು ವಿಚಾರಮಾಡುವ ಕ್ರಮವೂ ಹೌದು.

ಸಮುದ್ರಕ್ಕೂ ತೊಟ್ಟಿಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿಯೋಣ. 1872ರಿಂದ 1876ರ ವರೆಗೆ ಭೂಮಿಯ ಸಾಗರಗಳನ್ನು ಸಂಚರಿಸಿದ ‘ಚಾಲೆಂಜರ್’ ಎಂಬ ಹಡಗು ತಂದ ನೀರಿನ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞರು ವಿಶ್ಲೇಷಿಸಿ, 1884ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಪ್ಪು ಹೆಚ್ಚಿರಲಿ, ಕಡಮೆಯಿರಲಿ, ಅದರಲ್ಲಿನ ಮುಖ್ಯ ಘಟಕಗಳ ಪರಸ್ಪರ ಪ್ರಮಾಣವು ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ ಎಂದು ಅವರು ತೋರಿಸಿಕೊಟ್ಟರು. ಅಪಾರವಾದ ಜಲರಾಶಿಯೇ ಈ ಸ್ಥಿರತೆಯ ಕಾವಲು. ನೂರು ಲೀಟರಿನ ತೊಟ್ಟಿಗೆ ಆ ಕಾವಲಿಲ್ಲ. ಗಟ್ಟಿ ಹವಳಗಳು ತಮ್ಮ ಅಸ್ಥಿಯನ್ನು ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟುಗಳನ್ನು ದಿನದಿನವೂ ಹೀರುತ್ತವೆ, ಮೀನುಗಳು ಅಮೋನಿಯವನ್ನು ಹೊರಬಿಡುತ್ತವೆ, ನೀರು ಆವಿಯಾಗುತ್ತದೆ.

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಕಿಲೋಗ್ರಾಮಿಗೆ 35 ಗ್ರಾಂ ಉಪ್ಪುಳ್ಳ ನೂರು ಲೀಟರಿನಲ್ಲಿ ಹತ್ತು ಲೀಟರು ಆರಿಹೋದರೆ ಉಪ್ಪಿನಂಶ ಸುಮಾರು 39ಕ್ಕೆ ಏರುತ್ತದೆ. ಆರಿದ ನೀರಿಗೆ ಬದಲಾಗಿ ಉಪ್ಪುನೀರನ್ನೇ ತುಂಬುವವನು ಉಪ್ಪಿನ ಮೇಲೆ ಉಪ್ಪನ್ನು ಹೇರುತ್ತಾನೆ. ಅಲ್ಲಿ ತುಂಬಬೇಕಾದುದು ಶುದ್ಧವಾದ ಸಿಹಿನೀರು.

ಹಾಗಾದರೆ ಉಪ್ಪನ್ನು ಅಳೆದರೆ ಸಾಕೇ? ಸಾಲದು, ಅಳೆಯುವ ಉಪಕರಣವನ್ನೂ ಅಳೆಯಬೇಕು. ತೂಗುವ ಕಡ್ಡಿಯುಳ್ಳ ಅಗ್ಗದ ಹೈಡ್ರಾಮೀಟರಿನಲ್ಲಿ ಒಂದೆರಡು ಗಾಳಿಗುಳ್ಳೆಗಳು ಕಡ್ಡಿಗೆ ಅಂಟಿದರೆ ಅದು ಇರಬೇಕಾದುದಕ್ಕಿಂತ ಮೇಲಕ್ಕೇಳುತ್ತದೆ. ಉಪ್ಪು ಹೆಚ್ಚಿತೆಂದು ಭ್ರಮಿಸಿದ ಒಡೆಯನು ಸಿಹಿನೀರನ್ನು ಬೆರೆಸಿ, ಸರಿಯಾಗಿದ್ದ ನೀರನ್ನು ತಾನೇ ಕೆಡಿಸುತ್ತಾನೆ. ಬೆಳಕಿನ ವಕ್ರೀಭವನದಿಂದ ಉಪ್ಪನ್ನು ತಿಳಿಸುವ ರಿಫ್ರಾಕ್ಟೋಮೀಟರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಸೊನ್ನೆಗೆ ಹೊಂದಿಸಿದ ಮಾತ್ರಕ್ಕೆ ಅದು 35ರಲ್ಲಿಯೂ ಸತ್ಯವನ್ನೇ ಹೇಳುವುದೆಂಬ ಭರವಸೆಯಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಬಟ್ಟಿ ನೀರಿನಲ್ಲಿ ಕರಗಿಸಿದರೆ, ಅದರ ವಕ್ರೀಭವನಾಂಕವು 35 ಗ್ರಾಂ ಉಪ್ಪುಳ್ಳ ಸಮುದ್ರದ ನೀರಿನದಕ್ಕೆ ಸಮನಾಗಿರುತ್ತದೆ. ಉಪಕರಣವನ್ನು ಈ ದ್ರಾವಣದಿಂದ ಒರೆಹಚ್ಚಿ ನೋಡಬಹುದು.

ಇನ್ನು ಸೀಸೆಯ ಚಿಕಿತ್ಸೆಯ ಅಪಾಯಕ್ಕೆ ಒಂದು ನಿದರ್ಶನ. ತೊಟ್ಟಿಯ ಪಿ.ಎಚ್. 7.8ಕ್ಕೆ ಇಳಿದಿದೆಯೆನ್ನೋಣ, ಸಮುದ್ರದಲ್ಲಿ ಅದು ಸುಮಾರು 8.1. ಒಡೆಯನು ಪಿ.ಎಚ್. ಏರಿಸುವ ಕ್ಷಾರವನ್ನು ಸುರಿಯುತ್ತಾನೆ. ಅಂಕಿ ಸ್ವಲ್ಪ ಹೊತ್ತು ಏರಿ ಮತ್ತೆ ಇಳಿಯುತ್ತದೆ, ಮತ್ತೆ ಸುರಿಯುತ್ತಾನೆ. ಕಾರ್ಬೊನೇಟು ಮಿತಿಮೀರಿದಾಗ ಅದು ಕ್ಯಾಲ್ಸಿಯಮಿನೊಡನೆ ಕೂಡಿ, ನೀರನ್ನು ಹಾಲಿನಂತೆ ಬೆಳ್ಳಗಾಗಿಸಿ ತಳಕ್ಕಿಳಿಯುತ್ತದೆ. ಈಗ ಕ್ಯಾಲ್ಸಿಯಂ ಕಡಮೆ! ಅದಕ್ಕೊಂದು ಬೇರೆ ಸೀಸೆ. ಇಷ್ಟಕ್ಕೂ ಮೂಲಕಾರಣವು ಮುಚ್ಚಿದ ಕಿಟಕಿಯೇ ಆಗಿದ್ದಿರಬಹುದು. ಹೊರಗಿನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡು 420 ಭಾಗಗಳಿಗಿಂತ ತುಸು ಹೆಚ್ಚು. ಜನರು ಕುಳಿತ ಮುಚ್ಚಿದ ಕೋಣೆಯಲ್ಲಿ ಅದು ಸಾವಿರವನ್ನು ಮೀರುವುದು ಸಾಮಾನ್ಯ. ಆ ಅನಿಲವು ನೀರಿನಲ್ಲಿ ಕರಗಿ ಪಿ.ಎಚ್. ಅನ್ನು ಇಳಿಸುತ್ತದೆ.

ಇದನ್ನು ಕಂಡುಹಿಡಿಯಲು ಹಣ ಬೇಕಾಗಿಲ್ಲ. ಒಂದು ಲೋಟ ನೀರನ್ನು ತೊಟ್ಟಿಯಿಂದ ತೆಗೆದು ಪಿ.ಎಚ್. ಗುರುತುಮಾಡಿಕೊಳ್ಳಿರಿ. ಅದನ್ನು ಬಯಲಿಗೊಯ್ದು, ಒಂದು ಗಂಟೆಯ ಕಾಲ ಅದರೊಳಗೆ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಹಾಯಿಸಿ ಮತ್ತೆ ಅಳೆಯಿರಿ. ಪಿ.ಎಚ್. ಗಣನೀಯವಾಗಿ ಏರಿದರೆ ದೋಷವು ಕೋಣೆಯ ಗಾಳಿಯದು; ಕಿಟಕಿ ತೆರೆಯುವುದೇ ಔಷಧ. ಏರದಿದ್ದರೆ ನೀರಿನ ಕ್ಷಾರಗುಣವನ್ನು ಪರೀಕ್ಷಿಸಬೇಕು. ಒಂದೇ ಪ್ರಶ್ನೆ, ಎರಡೇ ಉತ್ತರ: ಪ್ರಯೋಗವೆಂದರೆ ಇದು. ಇನ್ನೊಂದು ಎಚ್ಚರಿಕೆ: ಹಗಲಿನಲ್ಲಿ ಪಾಚಿಗಳು ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಸಂಜೆಯ ಪಿ.ಎಚ್. ಮುಂಜಾವಿನದಕ್ಕಿಂತ ಹೆಚ್ಚಿರುತ್ತದೆ. ಆದುದರಿಂದ ಪ್ರತಿದಿನ ಒಂದೇ ಹೊತ್ತಿನಲ್ಲಿ ಅಳೆದ ಅಂಕಿಗಳನ್ನು ಮಾತ್ರ ಹೋಲಿಸಬೇಕು.

“ಮೀನು ಏದುಸಿರು ಬಿಡುತ್ತಿರುವಾಗ ಅಳೆಯುತ್ತ ಕೂರಲು ಸಮಯವೆಲ್ಲಿ?” ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಆತುರದಲ್ಲಿಯೂ ನಿರಪಾಯವಾದ ಮಾರ್ಗವೊಂದುಂಟು: ಉಪ್ಪೂ ಉಷ್ಣತೆಯೂ ತೊಟ್ಟಿಯ ನೀರಿಗೆ ಹೊಂದುವಂತೆ ಸಿದ್ಧಪಡಿಸಿದ ಹೊಸ ನೀರಿನಿಂದ ಒಂದು ಪಾಲನ್ನು ಬದಲಿಸುವುದು. ಅದು ಕಾರಣವನ್ನು ತಿಳಿಸದಿದ್ದರೂ ವಿಷವನ್ನು ತೆಳುಮಾಡಿ ನಮಗೆ ಕಾಲಾವಕಾಶ ಕೊಡುತ್ತದೆ. ಅಳೆಯದೆ ಕ್ಷಾರವನ್ನು ಸುರಿಯುವುದರ ಕಥೆಯೇ ಬೇರೆ. ಅಮೋನಿಯವು ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಅವುಗಳಲ್ಲಿ ವಿಷಕರವಾದ ರೂಪದ ಪಾಲು ಪಿ.ಎಚ್. 7ರಿಂದ 8ಕ್ಕೇರಿದರೆ ಸುಮಾರು ಹತ್ತು ಮಡಿಯಾಗುತ್ತದೆ. ಅಮೋನಿಯವಿದ್ದ ತೊಟ್ಟಿಯಲ್ಲಿ ಪಿ.ಎಚ್. ಏರಿಸುವುದೆಂದರೆ ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತೆಯೇ ಸರಿ.

ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ರಷ್ಯದ ವಿನೊಗ್ರಾದ್‌ಸ್ಕಿಯವರು 1890ರ ಸುಮಾರಿನಲ್ಲಿ ಪ್ರತ್ಯೇಕಿಸಿ ತೋರಿಸಿದರು. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಕೆಲವು ವಾರಗಳೇ ಬೇಕು. ಹಳೆಯ ತೊಟ್ಟಿಯಲ್ಲಿ ಅಮೋನಿಯವು ಥಟ್ಟನೆ ಕಾಣಿಸಿಕೊಂಡರೆ, ಯಾವುದೋ ಜೀವಿ ಬಂಡೆಯ ಸಂದಿನಲ್ಲಿ ಸತ್ತು ಕೊಳೆಯುತ್ತಿದೆಯೇ ಎಂದು ಹುಡುಕುವುದು ಮೊದಲ ಕೆಲಸ.

ನಮ್ಮ ಸಲಹೆ ಸರಳವಾದುದು. ಉಪಕರಣವನ್ನು ಒರೆಹಚ್ಚಿ, ಎರಡು ಬಾರಿ ಅಳೆಯಿರಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಾದು ನೋಡಿ, ಎಲ್ಲವನ್ನೂ ದಿನಾಂಕದೊಡನೆ ಬರೆದಿಡಿ. ಮೂರು ಸೀಸೆಗಳನ್ನು ಒಂದೇ ದಿನ ಸುರಿದವನಿಗೆ, ತೊಟ್ಟಿ ಉಳಿದರೂ ಅಳಿದರೂ, ಕಾರಣ ಮಾತ್ರ ತಿಳಿಯುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಜೀವದ್ದು. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿರುವುದರಿಂದ, ಅವನ್ನು ಕಿತ್ತು ತರುವುದು ಅಪರಾಧ. ಹುಲಿಗೆ ಸಲ್ಲುವ ರಕ್ಷಣೆಯೇ ಅವಕ್ಕೂ ಸಲ್ಲುತ್ತದೆ. ಕಾನೂನಿಗೆ ಒಳಪಟ್ಟು ಯಾವ ಜೀವಿಯನ್ನು ಸಾಕುವವನಿಗೂ ಅಳೆಯುವ ತಾಳ್ಮೆಯಿರಬೇಕು. ಆ ತಾಳ್ಮೆಯಿಲ್ಲದವನು ಸಮುದ್ರವನ್ನು ಸಮುದ್ರದಲ್ಲಿಯೇ ಬಿಟ್ಟು ನೋಡಿ ಸಂತೋಷಪಡುವುದು ಲೇಸು.